ಕ್ಯಾಪ್ಟನ್ನರ ಪುಸ್ತಕದಲ್ಲಿ ನನ್ನ ಸಹಿ

ನಾನು ಶಾಲೆ ಬಿಟ್ಟದ್ದು 1951ರಲ್ಲಿ, ಏಳನೆಯ ತರಗತಿಯ ನಡುವೆ. ಮನೆಯ ಕಷ್ಟಕ್ಕೆ ಬಿಟ್ಟೆ ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಕಷ್ಟ ಇದ್ದದ್ದು ಹೌದು. ಅಪ್ಪ ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ಆದರೆ ಅದೇ ಮನೆಯಿಂದ ನನ್ನ ಅಕ್ಕ ಎಂಟನೆಯದು ಮುಗಿಸಿದಳು, ತಮ್ಮ ಹೈಸ್ಕೂಲು ದಾಟಿದ. ನಾನು ಬಿಟ್ಟದ್ದಕ್ಕೆ ಕಾರಣ ಬೇರೆ. ಒಂದು ದಿನ ಲೆಕ್ಕದ ಮಾಸ್ಟ್ರು ನನ್ನ ತಪ್ಪು ಲೆಕ್ಕವನ್ನು ಬೋರ್ಡಿನಲ್ಲಿ ಬರೆಸಿದರು. ಎಲ್ಲಿ ತಪ್ಪಿದೆ ಎಂದು ನನ್ನ ಬಾಯಿಯಿಂದಲೇ ಇಡೀ ಕ್ಲಾಸಿಗೆ ಹೇಳಿಸಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಮರುದಿನ ಹೋಗುತ್ತಿದ್ದೆನೋ ಏನೋ. ಹೋಗಲಿಲ್ಲ.

ಹೊಳೆಬದಿಯ ಒಂದು ಮೋಟಾರು ವರ್ಕ್‌ಶಾಪಿಗೆ ಸೇರಿದೆ. ಬಸ್ಸು, ಲಾರಿ, ನಾಲ್ಕಾರು ಕಾರು ಬರುತ್ತಿದ್ದ ಜಾಗ. ಹತ್ತು ವರ್ಷದಲ್ಲಿ ಅಲ್ಲಿಯ ದೊಡ್ಡ ಮೆಕ್ಯಾನಿಕ್ ನಾನೇ ಆದೆ. ಗೇಟಿನ ಹೊರಗೆ ಬಸ್ಸು ಬಂದು ನಿಂತ ಶಬ್ದ ಕೇಳಿ ಒಳಗಿನಿಂದಲೇ ಅದಕ್ಕೆ ಎಂತ ಆಗಿದೆ ಎಂದು ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿಯಾಗುತ್ತಿತ್ತು. ಉಳಿದ ಎರಡು ಸಲದ ಮಾತು ನಾನು ಎತ್ತುತ್ತಿರಲಿಲ್ಲ, ಬೇರೆಯವರೂ ಎತ್ತುತ್ತಿರಲಿಲ್ಲ.

ಕ್ಯಾಪ್ಟನ್ನರು ನಮ್ಮ ವರ್ಕ್‌ಶಾಪಿಗೆ ಬಂದದ್ದು 1961ರ ಮಳೆಗಾಲ ಕಳೆದ ಮೇಲೆ. ಅವರ ಹೆಸರು ಬರೆಯುವುದಿಲ್ಲ. ಬಲ್ಮಠದ ಹಳಬರು ಯಾರಾದರೂ ಓದಿದರೆ ಅವರಿಗೆ ಗೊತ್ತಾಗುತ್ತದೆ. ಕೊಂಕಣಿ ಮಾತಾಡುವ ಕ್ರಿಶ್ಚನ್ನರ ಮನೆಯವರು. ಮಹಾಯುದ್ಧದ ಕಾಲದಲ್ಲಿ ವಾಯುದಳಕ್ಕೆ ಸೇರಿ ಬರ್ಮಾದ ಗಡಿಯಲ್ಲಿ ವಿಮಾನ ಹಾರಿಸಿದವರು. ಯುದ್ಧ ಮುಗಿದು ಕೆಲವು ವರ್ಷಕ್ಕೆ ದಳ ಬಿಟ್ಟು ಪ್ರಯಾಣಿಕರ ವಿಮಾನದಲ್ಲಿ ಕ್ಯಾಪ್ಟನ್ ಆದರು. ಬಜ್ಪೆಯ ಗುಡ್ಡದ ಮೇಲೆ ವಿಮಾನ ಇಳಿಯತೊಡಗಿದ ಮೇಲೆ ಒಂದೆರಡು ಸಲ ಅವರೇ ಇಲ್ಲಿಗೆ ಇಳಿಸಿದ್ದರಂತೆ. ಅವರ ಅಕ್ಕ ಆ ದಿನ ಬೇಲಿಯ ಹೊರಗೆ ನಿಂತು ನೋಡಿದ್ದನ್ನು ಬಹಳ ಜನರಿಗೆ ಹೇಳಿದ್ದರು. ಎಂಜಿನ್ನಿನ ಗದ್ದಲಕ್ಕೆ ಎಡ ಕಿವಿ ಹೋಯಿತು. ಆರು ತಿಂಗಳಿಗೊಮ್ಮೆ ನಡೆಯುವ ವೈದ್ಯರ ಪರೀಕ್ಷೆಯಲ್ಲಿ ದಾಟಲಿಲ್ಲ. ನಲವತ್ತಾರನೆಯ ವಯಸ್ಸಿಗೆ ಮನೆಗೆ ಬಂದರು. ಮದುವೆ ಆಗಿರಲಿಲ್ಲ. ಬಲ್ಮಠದಲ್ಲಿ ಅಕ್ಕನ ಜೊತೆ ಇದ್ದರು. ಅಕ್ಕ ಹುಡುಗಿಯರ ಶಾಲೆಯಲ್ಲಿ ಟೀಚರು, ಅವರಿಗೂ ಮದುವೆ ಆಗಿರಲಿಲ್ಲ.

ಕಿವಿಗೆ ಎಂದು ಅವರು ಹೇಳುತ್ತಿದ್ದರು. ಪೇಟೆಯವರು ಕಣ್ಣಿಗೆ ಎಂದರು. ಪೈಲಟ್ಟಿಗೆ ಕಿವಿ ಯಾಕೆ, ಕಣ್ಣಲ್ಲವೇ ಬೇಕಾದದ್ದು ಎಂದು ನಮ್ಮ ವರ್ಕ್‌ಶಾಪಿನಲ್ಲೇ ಮಾತಾಯಿತು.

ಅವರದು ಒಂದು ಕಪ್ಪು ವಿಲಾಯತಿ ಕಾರು, ಯಾರಿಂದಲೋ ಕೊಂಡದ್ದು. ಮೊದಲ ದಿನ ಕೆಲಸ ಮುಗಿದು ಕಾರು ಕೊಟ್ಟಾಗ ಅವರು ಹತ್ತಲಿಲ್ಲ. ಬಲಬದಿಯಿಂದ ಹೊರಟು ಇಡೀ ಕಾರಿಗೆ ಒಂದು ಸುತ್ತು ಬಂದರು. ಒಂದೊಂದು ಚಕ್ರವನ್ನು ಕೈಯಿಂದ ಮುಟ್ಟಿದರು, ದೀಪಗಳನ್ನು ಒತ್ತಿ ನೋಡಿದರು. ನಮ್ಮ ಲೇತಿನ ಮೇಸ್ತ್ರಿಗೆ ಬಾಯಿ ಸುಮ್ಮನೆ ಇರುತ್ತಿರಲಿಲ್ಲ.

"ಪೊರ್ಬುಗಳು ಎಂತ, ಕಾರಿಗೆ ಸುತ್ತು ಬರುವುದು?" ಎಂದ ನನ್ನೊಡನೆ. ನಮ್ಮಲ್ಲಿ ಕ್ರಿಶ್ಚನ್ ಗೃಹಸ್ಥರಿಗೆ ಪೊರ್ಬು ಎಂದೂ ಅವರ ಚರ್ಚಿಗೆ ಇಗರ್ಜಿ ಎಂದೂ ಹೇಳುವುದು. "ಇಗರ್ಜಿಯಲ್ಲಿ ಪ್ರದಕ್ಷಿಣೆ ಇಲ್ಲ ಅಂತ ಇಲ್ಲಿ ಬಂದು ಹಾಕುವುದೋ?"

ಅವರು ತಿರುಗಿ ನೋಡಿದರು. "ಎಡ ಕಿವಿ ಹೋಗಿದೆ ಮಾರಾಯ. ಬಲದ್ದು ಲಾಯ್ಕುಂಟು. ತಮಾಷೆ ಮಾಡುವುದಾದರೆ ಈ ಬದಿಗೆ ಬಂದು ಸರಿ ಮಾಡು, ನಾನೂ ನಗ್ತೇನೆ."

ಮೇಸ್ತ್ರಿಯ ಮುಖ ಸಣ್ಣದಾಯಿತು. ಆಮೇಲೆ ಎಲ್ಲರೂ ನಕ್ಕೆವು, ಅವರೂ ನಕ್ಕರು. ವರ್ಕ್‌ಶಾಪಿನಲ್ಲಿ ನಮ್ಮ ಮಾತೆಲ್ಲ ತುಳು. ಅವರ ತುಳು ಇಪ್ಪತ್ತು ವರ್ಷ ಹೊರಗಿದ್ದು ತುಕ್ಕು ಹಿಡಿದಿತ್ತು. ಹಾಗಾಗಿ ನಮ್ಮೊಡನೆ ಪೇಟೆಯ ಕನ್ನಡದಲ್ಲೇ ಮಾತಾಡುತ್ತಿದ್ದರು.

ಎರಡನೆಯ ಸಲ ಬಂದಾಗ ಒಂದು ಗಟ್ಟಿ ರಟ್ಟಿನ ಪುಸ್ತಕ ತಂದರು. ಎಡ ಪುಟದಲ್ಲಿ ಕನ್ನಡದಲ್ಲಿ ಹತ್ತೊಂಬತ್ತು ಸಾಲು ಬರೆದಿದ್ದರು. ಎಂಜಿನ್ ಎಣ್ಣೆ, ಬ್ರೇಕಿನ ಎಣ್ಣೆ, ಚಕ್ರದ ನಟ್ಟು, ಹೀಗೆ. ಒಂದೊಂದು ಸಾಲಿನ ಎದುರು ಗೀಟು ಹಾಕಬೇಕು, ಕೊನೆಗೆ ನಾನು ತಾರೀಕು ಬರೆದು ಸಹಿ ಹಾಕಬೇಕು. ಪುಸ್ತಕ ವರ್ಕ್‌ಶಾಪಿನಲ್ಲೇ ಇರಬೇಕು.

ಅಕ್ಷರಗಳು ಸಣ್ಣ ಮಕ್ಕಳು ಬರೆದ ಹಾಗೆ ಅಡ್ಡಾದಿಡ್ಡಿ ಇದ್ದವು. ಅವರು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಒಂದು ಸಾಲು ಸರಿ ಮಾಡಿ ಬರೆದು ತೋರಿಸಿದೆ.

"ನಿನ್ನ ಅಕ್ಷರ ನನ್ನದಕ್ಕಿಂತ ಚೆಂದ ಉಂಟಲ್ಲ. ಏಳನೆಯದಕ್ಕೆ ಬಿಟ್ಟದ್ದು ಹೌದಾ, ಸುಳ್ಳಾ?"

"ಹೌದು."

"ಬಿಡಬಾರದಿತ್ತು."

ಅವರು ಪ್ರೀತಿಯಿಂದ ಹೇಳಿದ್ದು. ನನಗೆ ಮಾತ್ರ ಬೋರ್ಡಿನ ಎದುರು ನಿಂತ ಹಾಗಾಯಿತು. "ಕ್ಯಾಪ್ಟನ್ನರೇ, ಈ ಪಟ್ಟಿ ಎಂತಕ್ಕೆ? ಇದೆಲ್ಲ ನನ್ನ ತಲೆಯಲ್ಲಿ ಉಂಟು. ಗೊತ್ತಿಲ್ಲದವ ಬರೆದಿಟ್ಟುಕೊಳ್ಳಬೇಕು," ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಸ್ಟೂಲಿನಲ್ಲಿ ಕೂತು ಒಂದು ಕತೆ ಹೇಳಿದರು. ಅವರು ಯುದ್ಧದ ಕತೆ ಹೇಳಿದ್ದು ನಾನು ಕೇಳಿದ್ದು ಅದೊಂದೇ. ಬರ್ಮಾದ ಗಡಿಯಲ್ಲಿ ಅವರ ವಿಮಾನಕ್ಕೆ ಒಬ್ಬ ಮೆಕ್ಯಾನಿಕ್ ಇದ್ದ, ಪಂಜಾಬಿನ ಕಡೆಯವ. ಪ್ರತಿದಿನ ಬೆಳಿಗ್ಗೆ ಅವನು ಎಲ್ಲ ನೋಡಿ ಸಹಿ ಹಾಕಬೇಕು, ಇವರು ಹತ್ತಬೇಕು. ಒಂದು ದಿನ ಅವನು ಸಹಿ ಹಾಕಿದ ಮೇಲೂ ಇವರು ಬಗ್ಗಿ ಕೆಳಗೆ ಇಣುಕಿ ನೋಡಿದರು. ಆ ಮನುಷ್ಯ ಒಂದು ವಾರ ಇವರೊಡನೆ ಮಾತಾಡಲಿಲ್ಲ, ಇವರು ಕೂತಲ್ಲಿ ಊಟಕ್ಕೆ ಕೂರಲಿಲ್ಲ.

"ಅವನು ಮಾಡಿದ್ದು ಸರಿ," ಎಂದರು. "ಸುತ್ತು ಬಂದು ಕಣ್ಣಿಗೆ ಕಾಣುವುದನ್ನು ನೋಡುವುದು ನನ್ನ ಪಾಲು. ಅಡಿಯದ್ದು ಅವನ ಪಾಲು. ಅವನು ಸಹಿ ಹಾಕಿದ ಮೇಲೆ ನಾನು ಬಗ್ಗಿ ನೋಡಿದರೆ ಅವನನ್ನು ಕಳ್ಳ ಅಂದ ಹಾಗೆ. ಅಲ್ಲಿಂದ ಮತ್ತೆ ನಾನು ಯಾರ ಕೆಲಸವನ್ನೂ ಬಗ್ಗಿ ನೋಡ್ಲಿಲ್ಲ. ನಿನ್ನದನ್ನೂ ನೋಡುವುದಿಲ್ಲ. ಅದಕ್ಕೆ ಸಹಿ ಬೇಕು ಮಾರಾಯ, ನಿನಗೆ ಪಾಠ ಹೇಳಲಿಕ್ಕೆ ಅಲ್ಲ."

ಕತೆ ನನಗೆ ಹಿಡಿಸಿತು. ಪಟ್ಟಿ ಹಿಡಿಸಲಿಲ್ಲ. ಮೂರು ವರ್ಷ ನಾನು ಮಾಡಿದ್ದು ಇಷ್ಟೇ: ಕೆಲಸವೆಲ್ಲ ನನ್ನ ತಲೆಯ ಲೆಕ್ಕದಲ್ಲಿ ಮುಗಿಸಿ, ಆಮೇಲೆ ಕೂತು ಒಂದೇ ಉಸಿರಿಗೆ ಹತ್ತೊಂಬತ್ತು ಗೀಟು ಎಳೆದು ಸಹಿ ಹಾಕುತ್ತಿದ್ದೆ. ಒಂದು ಸಲವೂ ಪಟ್ಟಿ ಓದಿಕೊಂಡು ಕೆಲಸ ಮಾಡಿದವನಲ್ಲ. ಕೆಲಸ ಸರಿಯಾಗಿಯೇ ಇರುತ್ತಿತ್ತು, ಅವರು ಸಹಿ ನೋಡಿ ತಲೆ ಆಡಿಸಿ ಹೋಗುತ್ತಿದ್ದರು.

ಪ್ರತಿ ಶನಿವಾರ ಅವರ ಕಾರು ಬಜ್ಪೆಗೆ ಹೋಗುತ್ತಿತ್ತು. ವಿಮಾನ ಬರುವ ಹೊತ್ತಿಗೆ ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಇಳಿದ ಪೈಲಟ್ಟುಗಳಲ್ಲಿ ಕೆಲವರು ಅವರ ಕೈಕೆಳಗೆ ಕಲಿತವರು. ಬಂದು ಕೈಕುಲುಕಿ, ಮತ್ತೆ ಹೊರಡುವ ತನಕ ಅವರೊಡನೆ ಚಾ ಕುಡಿಯುತ್ತಿದ್ದರಂತೆ. ಒಂದು ಶನಿವಾರ ಬ್ರೇಕಿನ ಕೆಲಸಕ್ಕೆಂದು ಕಾರು ನಮ್ಮಲ್ಲಿ ಉಳಿದಾಗ ಅವರು ನಾಲ್ಕು ಸಲ ಬಂದು ಆಯಿತಾ ಎಂದು ಕೇಳಿದ್ದರು. ಸಾಧಾರಣ ಹಾಗೆ ಕೇಳುವ ಮನುಷ್ಯ ಅವರಲ್ಲ. ಬದುಕಿನಲ್ಲಿ ಅವರಿಗೆ ಉಳಿದದ್ದು ಆ ಶನಿವಾರ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಬರೆಯುತ್ತಿದ್ದೇನೆ.

1964ರ ನವರಾತ್ರಿ. ಆಯುಧ ಪೂಜೆಯ ಹಿಂದಿನ ದಿನ ಮಧ್ಯಾಹ್ನ ಕಾರು ತಂದರು, ಸ್ಟೀರಿಂಗಿನಲ್ಲಿ ಕಟಕಟ ಶಬ್ದ. ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಸರಳಿನ ತುದಿ ಸವೆದಿತ್ತು. ಹೊಸ ತುದಿ ಹಾಕಿ ನಟ್ಟು ಬಿಗಿದೆ. ಆ ನಟ್ಟು ಓಡಾಟದಲ್ಲಿ ಸಡಿಲಾಗದ ಹಾಗೆ ಅದರ ತೂತಿನಲ್ಲಿ ಒಂದು ಸಣ್ಣ ಪಿನ್ ತೂರಿಸಿ ಅದರ ಎರಡು ಕಾಲನ್ನು ಮಡಿಸಬೇಕು, ಸ್ಪ್ಲಿಟ್ ಪಿನ್ ಎನ್ನುತ್ತೇವೆ. ತೂತಿಗೆ ತೂತು ಕೂಡಿರಲಿಲ್ಲ. ಸ್ಪ್ಯಾನರಿನಲ್ಲಿ ಇನ್ನು ಕಾಲು ಸುತ್ತು ತಿರುಗಿಸಬೇಕಿತ್ತು.

ಅಷ್ಟರಲ್ಲಿ ಲೇತಿನ ಮೇಸ್ತ್ರಿ ಬಂದು ಕಾರಿನ ಅಡಿಯಿಂದ ಚಾಚಿದ್ದ ನನ್ನ ಕಾಲಿನ ಹತ್ತಿರ ಕೂತ. "ಸ್ಪ್ಯಾನರ್ ಕೊಡು. ಎಲ್ಲರದ್ದೂ ತೊಳೆದಾಯಿತು, ನಿನ್ನದೊಂದು ಬಾಕಿ. ಧಣಿಗಳು ಹಲಗೆಯಲ್ಲಿ ಇಡಲಿಕ್ಕೆ ಕಾಯ್ತಾ ಇದ್ದಾರೆ."

ಧಣಿ ಎಂದರೆ ವರ್ಕ್‌ಶಾಪಿನ ಯಜಮಾನರು. ಪೂಜೆಯ ಹಿಂದಿನ ಸಂಜೆ ಹತ್ಯಾರುಗಳನ್ನೆಲ್ಲ ತೊಳೆದು, ಎಣ್ಣೆ ಒರೆಸಿ, ಬಿಳಿ ಬಟ್ಟೆ ಹಾಸಿದ ಹಲಗೆಯಲ್ಲಿ ಸಾಲಾಗಿ ಇಡುತ್ತಿದ್ದರು. ಪುಸ್ತಕಗಳನ್ನೂ ಪೆನ್ನನ್ನೂ ಅದರ ಪಕ್ಕದಲ್ಲಿ ಇಡುವುದು. ಒಮ್ಮೆ ಇಟ್ಟರೆ ವಿಜಯದಶಮಿಯ ದಿನ ತೆಗೆಯುವ ತನಕ ಮುಟ್ಟುವ ಹಾಗಿಲ್ಲ. ಅದರಲ್ಲಿ ಧಣಿಗಳು ಬಹಳ ಕಟ್ಟುನಿಟ್ಟು.

"ಒಂದು ನಿಮಿಷ," ಎಂದೆ.

"ನಿನ್ನ ಒಂದು ನಿಮಿಷ ನನಗೆ ಗೊತ್ತುಂಟು, ಕತ್ತಲೆ ಆಗ್ತದೆ. ಕೊಡು ಮಾರಾಯ."

ಕೊಟ್ಟೆ. ನಟ್ಟು ಗಟ್ಟಿ ಇದೆ, ಪಿನ್ನು ದಶಮಿಯ ದಿನ ಹಾಕಿದರಾಯಿತು ಎಂದುಕೊಂಡೆ. ಕಾರು ಪೂಜೆ ಮುಗಿಸಿ ದಶಮಿಯವರೆಗೆ ಅಲ್ಲೇ ಇರುತ್ತದೆ ಎಂದು ನನ್ನ ಲೆಕ್ಕ. ಆ ಲೆಕ್ಕವನ್ನು ಯಾರಿಗೂ ಹೇಳಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಕ್ಯಾಪ್ಟನ್ನರು ಇಸ್ತ್ರಿ ಹಾಕಿದ ಬಿಳಿ ಶರ್ಟು ಹಾಕಿ, ಕೈಯಲ್ಲಿ ಸಿಹಿಯ ಪೆಟ್ಟಿಗೆ ಹಿಡಿದು ನಡೆದುಕೊಂಡು ಬಂದರು. ಪ್ರತಿವರ್ಷ ನಮ್ಮ ಪೂಜೆಗೆ ಬರುತ್ತಿದ್ದರು. ಹಿಂದೆ ನಿಂತು, ತಲೆ ಬಗ್ಗಿಸಿ, ಮುಗಿಯುವ ತನಕ ಇರುತ್ತಿದ್ದರು. ಬಸ್ಸುಗಳ ಸಾಲಿನಲ್ಲಿ ಅವರ ಕಪ್ಪು ಕಾರೂ ಗೊಂಡೆ ಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು. ಅವಲಕ್ಕಿ ಹಂಚುವಾಗ ಲೇತಿನ ಮೇಸ್ತ್ರಿ ನನ್ನನ್ನು ಕೆಣಕಿದ: "ಕ್ಯಾಪ್ಟನ್ನರ ಪುಸ್ತಕಕ್ಕೂ ಕುಂಕುಮ ಹಾಕಿದ್ದೇನೆ. ಅದಿಲ್ಲದಿದ್ದರೆ ಇವನಿಗೆ ನಟ್ಟು ಯಾವುದು, ಬೋಲ್ಟು ಯಾವುದು ಗೊತ್ತಾಗುವುದಿಲ್ಲ."

ಮೂವತ್ತು ಜನ ಸೇರಿದ್ದರು. "ಪುಸ್ತಕ ಪೂಜೆಗೆ ಮಾತ್ರ," ಎಂದೆ, "ಕೆಲಸಕ್ಕೆ ಈ ತಲೆ ಸಾಕು." ಎಲ್ಲರೂ ನಕ್ಕರು, ಕ್ಯಾಪ್ಟನ್ನರೂ ನಕ್ಕರು.

ಆಗ ಧಣಿಗಳು ಅವರಿಗೆ ಹೇಳಿದರು: "ಕ್ಯಾಪ್ಟನ್ನರೇ, ಮೊದಲು ನೀವೇ ನಿಂಬೆ ಹಣ್ಣಿನ ಮೇಲೆ ಹಾಯಿಸಿ. ಹಾಗೇ ಮನೆಗೆ ತೆಗೊಂಡು ಹೋಗಿ. ಪೂಜೆ ಆದ ಗಾಡಿ ಹೊರಗೆ ಓಡಬೇಕು."

ಕ್ಯಾಪ್ಟನ್ನರು ತಮ್ಮ ಸುತ್ತು ಬಂದರು, ಚಕ್ರಗಳನ್ನು ಮುಟ್ಟಿದರು. ಆಮೇಲೆ ನನ್ನ ಕಡೆ ನೋಡಿ, ಗಾಳಿಯಲ್ಲಿ ಬರೆಯುವ ಹಾಗೆ ಕೈ ಆಡಿಸಿದರು. "ಪುಸ್ತಕ?"

ನನಗೆ ಪಿನ್ನು ನೆನಪಾದದ್ದು ಆ ಗಳಿಗೆಯಲ್ಲಿ. ಮರೆತೆ ಎಂದು ಹೇಳಲು ನನಗೆ ದಾರಿ ಇಲ್ಲ. ಚೆನ್ನಾಗಿ ನೆನಪಾಯಿತು, ನಟ್ಟಿನ ತೂತು ಕಣ್ಣಿಗೆ ಕಂಡ ಹಾಗೆ.

ಧಣಿಗಳೇ ಉತ್ತರ ಕೊಟ್ಟರು. "ಇವತ್ತು ಪುಸ್ತಕ ಮುಟ್ಟಲಿಕ್ಕಿಲ್ಲ ಅಲ್ವಾ, ಪೂಜೆಗೆ ಇಟ್ಟಾಯಿತು."

ಅವರು ಸ್ವಲ್ಪ ನಿಂತರು. ಸಹಿ ಇಲ್ಲದೆ ಆ ಮನುಷ್ಯ ಕಾರು ತೆಗೆದವರಲ್ಲ. ಆಮೇಲೆ, "ರೂಲು ನನ್ನದು, ಹಬ್ಬ ನಿಮ್ಮದು," ಎಂದರು. ನನ್ನ ಕಡೆ ತಿರುಗಿ, "ಎಲ್ಲ ಆಗಿದೆಯಲ್ಲ? ಸಹಿ ನಾಳೆ ಹಾಕು," ಎಂದರು.

ಒಂದು ಮಾತು ಸಾಕಿತ್ತು: ಒಂದು ಪಿನ್ನು ಬಾಕಿ ಉಂಟು, ಇವತ್ತು ಬೇಡ. ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಆದರೆ ಈಗಷ್ಟೇ ಈ ತಲೆ ಸಾಕು ಎಂದು ಹೇಳಿದ್ದೆ. ಮೂವತ್ತು ಜನ ಕೈಯಲ್ಲಿ ಅವಲಕ್ಕಿ ಹಿಡಿದು ನನ್ನ ಬಾಯಿ ನೋಡುತ್ತಿದ್ದರು.

"ಆಗಿದೆ," ಎಂದೆ.

ನಾಲ್ಕು ನಿಂಬೆ ಹಣ್ಣು ಅಪ್ಪಚ್ಚಿಯಾಗಿ ಕಾರು ಗೇಟು ದಾಟಿತು. ನಟ್ಟು ಬಿಗಿಯಾಗಿದೆ, ಒಂದು ದಿನಕ್ಕೆ ಏನೂ ಆಗುವುದಿಲ್ಲ, ನಾಳೆ ಬೆಳಿಗ್ಗೆ ಬಲ್ಮಠಕ್ಕೆ ಹೋಗಿ ಅವರ ಅಂಗಳದಲ್ಲೇ ಹಾಕಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ವಿಜಯದಶಮಿ. ಬೆಳಿಗ್ಗೆ ಹಲಗೆಯಿಂದ ಹತ್ಯಾರು ತೆಗೆದೆವು. ನಾನು ಸ್ಪ್ಯಾನರನ್ನೂ ಒಂದು ಪಿನ್ನನ್ನೂ ಚೀಲದಲ್ಲಿ ಹಾಕಿಕೊಂಡೆ. ದಾರಿಯಲ್ಲಿ ನನ್ನ ಅಕ್ಕನ ಮನೆ. ಹಬ್ಬದ ಊಟಕ್ಕೆ ಕೂತುಬಿಟ್ಟೆ. ಕೋಳಿ ಸಾರು, ರೊಟ್ಟಿ. ಉಂಡ ಮೇಲೆ ಚಾಪೆಯಲ್ಲಿ ಸ್ವಲ್ಪ ಅಡ್ಡಾದೆ. ಎದ್ದಾಗ ನಾಲ್ಕು ಗಂಟೆ.

ಆ ಹೊತ್ತಿಗೆ ಕ್ಯಾಪ್ಟನ್ನರು, ಶನಿವಾರ ಅಲ್ಲದಿದ್ದರೂ ಹಬ್ಬದ ರಜೆ ಎಂದು, ತಮ್ಮ ಅಕ್ಕನನ್ನು ಕೂರಿಸಿಕೊಂಡು ಬಜ್ಪೆಗೆ ಹೋಗಿ ಹಿಂದೆ ಬರುತ್ತಿದ್ದರು. ಗುಡ್ಡ ಇಳಿಯುವ ದಾರಿಯಲ್ಲಿ ಒಂದು ಬದಿ ಗೋಡೆಯಂತೆ ನಿಂತ ಮುರಕಲ್ಲಿನ ದರೆ, ಇನ್ನೊಂದು ಬದಿ ತಗ್ಗು. ತಿರುವಿನಲ್ಲಿ ಕಾರು ತಿರುಗಲಿಲ್ಲ. ಅವರು ಹೇಗೋ ಬ್ರೇಕ್ ಒತ್ತಿ, ಕಾರು ದರೆಗೆ ಉಜ್ಜಿ ನಿಂತಿತು. ಅವರ ಹಣೆ ಒಡೆಯಿತು. ಅಕ್ಕ ಟೀಚರ ಭುಜದ ಎಲುಬು ಮುರಿಯಿತು.

ಕಾರನ್ನು ಎಳೆದು ತರಲು ವರ್ಕ್‌ಶಾಪಿನಿಂದ ಲಾರಿ ಹೊರಟಾಗ ನಾನೇ ಮುಂದಾಗಿ ಹೋದೆ. ಮೇಲೆ ಇಬ್ಬರು ಹಗ್ಗ ಕಟ್ಟುತ್ತಿದ್ದಾಗ ನಾನು ಅಡಿಗೆ ನುಗ್ಗಿದೆ. ಸರಳು ಜೋತು ಬಿದ್ದಿತ್ತು, ನಟ್ಟು ಇರಲಿಲ್ಲ. ಕಿಸೆಯಲ್ಲಿದ್ದ ತಂತಿಯಿಂದ ಸರಳನ್ನು ಎತ್ತಿ ಕಟ್ಟಿದೆ, ಯಾರೂ ನೋಡದ ಹಾಗೆ. ವರ್ಕ್‌ಶಾಪಿಗೆ ತಂದ ಮೇಲೆ ಎಲ್ಲರೂ ಮುರಿದ ದೀಪ, ನುಗ್ಗಾದ ಮಡ್‌ಗಾರ್ಡು ನೋಡುತ್ತಿದ್ದರು. ನಾನು ಆ ತುದಿಯನ್ನು ಬಿಚ್ಚಿ ಗುಜರಿಯ ರಾಶಿಗೆ ಎಸೆದು ಬೇರೆ ಹಾಕಿದೆ. ಈ ಸಲ ಪಿನ್ನನ್ನೂ ಹಾಕಿದೆ.

ಆಮೇಲೆ ಪುಸ್ತಕ ತೆಗೆದೆ. ಅದರ ರಟ್ಟಿನಲ್ಲಿ ಕುಂಕುಮ ಇನ್ನೂ ಇತ್ತು. ಕೆಲಸ ಆದದ್ದು ಎಂದು ಪೂಜೆಯ ಹಿಂದಿನ ದಿನದ ತಾರೀಕು ಹಾಕಿದೆ, ಹತ್ತೊಂಬತ್ತು ಗೀಟು ಎಳೆದೆ. ಸ್ಟೀರಿಂಗಿನ ಪಿನ್ನು ಹನ್ನೊಂದನೆಯ ಸಾಲಿನಲ್ಲಿತ್ತು. ಆ ಪಟ್ಟಿಯನ್ನು ಒಂದೊಂದೇ ಸಾಲಾಗಿ ನಾನು ಓದಿದ್ದು ಅದೇ ಮೊದಲು. ಕೆಳಗೆ ಸಹಿ ಹಾಕಿದೆ.

ಹತ್ತು ದಿನ ಕಳೆದು ಅವರು ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದರು. ಕಾರಿನ ಹತ್ತಿರ ಹೋಗಲಿಲ್ಲ, ನನ್ನ ಸ್ಟೂಲಿನಲ್ಲಿ ಕೂತರು.

"ನಾನು ತಿರುಗಿಸಿದ್ದೇನೆ ಮಾರಾಯ," ಎಂದರು. "ಸ್ಟೀರಿಂಗ್ ಕೈಯಲ್ಲಿ ಸುಮ್ಮನೆ ತಿರುಗಿದ ಹಾಗಾಯ್ತು. ಕಾರು ನೇರ ಹೋಯ್ತು. ಅಕ್ಕ ಹೇಳ್ತಾಳೆ, ನೀನು ಮೇಲೆ ನೋಡ್ತಾ ಇದ್ದಿ, ತಿರುಗಿಸಲೇ ಇಲ್ಲ ಅಂತ. ಆ ಹೊತ್ತಿಗೆ ವಿಮಾನ ಹೊರಟಿತ್ತು, ಅದು ಹೌದು. ಪುಸ್ತಕ ಕೊಡು."

ಕೊಟ್ಟೆ. ಅವರು ಬೆರಳಿಟ್ಟು ಮೇಲಿನಿಂದ ಓದುತ್ತಾ ಬಂದರು. ಹನ್ನೊಂದರಲ್ಲಿ ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಸಂಶಯದಿಂದ ನೋಡಿದ್ದಲ್ಲ. ಒಂದು ಮಾತು ಬಂದರೆ ತಮಗೆ ಉಸಿರು ಬರುತ್ತದೆ ಎಂಬ ಹಾಗೆ ನೋಡಿದರು. ಹಾಕಿದ್ದೇನೆ ಎನ್ನುವ ಹಾಗೆ ನಾನು ತಲೆ ಆಡಿಸಿದೆ.

"ಸರಿ," ಎಂದರು. "ಸಹಿ ಉಂಟಲ್ಲ. ಹಾಗಾದರೆ ನನ್ನದೇ."

ಕಾರಿನ ಅಡಿಗೆ ಬಗ್ಗಿ ನೋಡಲಿಲ್ಲ. ನೋಡಿದ್ದರೂ ಆಗ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಒಂದು ತಿಂಗಳ ಮೇಲೆ ಬಂದು ಕಾರು ಮಾರಿಸಿ ಕೊಡು ಎಂದರು. "ಕಣ್ಣಿನ ಡಾಕ್ಟ್ರ ಹತ್ತಿರ ಹೋಗಿದ್ದೆ. ಕಣ್ಣು ಸರಿ ಉಂಟಂತೆ. ಕಣ್ಣು ಸರಿ ಉಂಟು, ಸ್ಟೀರಿಂಗ್ ಸರಿ ಉಂಟು. ಹಾಗಾದರೆ ತಪ್ಪಿದ್ದು ತಲೆ. ತಲೆ ತಪ್ಪಿದವ ಓಡಿಸಬಾರದು. ಇಷ್ಟು ವರ್ಷ ಜನರನ್ನು ಕೂರಿಸಿಕೊಂಡು ಹಾರಿದ್ದೇನಲ್ಲ, ಅದನ್ನು ನೆನೆಸಿದರೆ ಹೆದರಿಕೆ ಆಗ್ತದೆ."

ಆಗಲೂ ಹೇಳಬಹುದಿತ್ತು. ಧಣಿಗಳು ಪಕ್ಕದಲ್ಲಿದ್ದರು, ಹೇಳಲಿಲ್ಲ. ಆಮೇಲೆ ಪಕ್ಕದಲ್ಲಿ ಯಾರೂ ಇಲ್ಲದ ದಿನಗಳೂ ಇದ್ದವು. ಆಗಲೂ ಹೇಳಲಿಲ್ಲ. ಕಾರನ್ನು ಉಡುಪಿಯ ಕಡೆಯವರೊಬ್ಬರು ಕೊಂಡುಹೋದರು.

ಬಜ್ಪೆಗೆ ಅವರು ಮತ್ತೆ ಹೋಗಲಿಲ್ಲ. ಬಸ್ಸು ಇತ್ತು, ಬಾಡಿಗೆ ಕಾರು ಇತ್ತು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೂ ಒಮ್ಮೆ ಹೇಳಿದೆ. "ಬೇಡ. ಆ ಪೈಲಟ್ ಹುಡುಗರ ಎದುರು ಎಂತ ಅಂತ ನಿಲ್ಲುವುದು?" ಎಂದರು. ಪೇಟೆಯಲ್ಲಿ ಕಣ್ಣಿನ ಮಾತು ಗಟ್ಟಿಯಾಯಿತು. ಅದಕ್ಕೇ ಕಂಪೆನಿಯವರು ಮನೆಗೆ ಕಳಿಸಿದ್ದು, ನಾವು ಆಗಲೇ ಹೇಳಿರಲಿಲ್ಲವಾ ಎಂದು ಲೇತಿನ ಮೇಸ್ತ್ರಿ ಹೇಳುವಾಗ ನಾನು ಅಲ್ಲೇ ಇದ್ದೆ. ಎಂಜಿನ್ ಬಿಚ್ಚುತ್ತಾ ಕೇಳಿಸಿಕೊಂಡೆ.

1966ರಲ್ಲಿ ನಡೆದದ್ದನ್ನು ಬರೆಯಲು ಕೈ ಹಿಂದೆ ಬರುತ್ತದೆ. ಕ್ಯಾಪ್ಟನ್ನರಿಗೆ ಗುರುತಿನವರೊಬ್ಬರು ಪಡೀಲಿನ ಹತ್ತಿರ ಬಸ್ಸುಗಳನ್ನು ಇಟ್ಟಿದ್ದರು, ಅವರಿಗೆ ಒಬ್ಬ ಫೋರ್‌ಮನ್ ಬೇಕಿತ್ತು. ಕ್ಯಾಪ್ಟನ್ನರು ನನ್ನನ್ನು ಕರೆದುಕೊಂಡು ಹೋಗಿ ಅವರ ಎದುರು ನಿಲ್ಲಿಸಿದರು.

"ಇವನು ಶಾಲೆ ಬಿಟ್ಟವ. ಅದಕ್ಕೆ ತಲೆ ಬಿಸಿ ಮಾಡ್ಬೇಡಿ," ಎಂದರು. "ಇವನು ಸಹಿ ಹಾಕಿದ ಮೇಲೆ ನೀವು ಬಗ್ಗಿ ನೋಡುವುದು ಬೇಡ."

ಕೆಲಸ ಸಿಕ್ಕಿತು. ಒಪ್ಪಿಕೊಂಡೆ. ಅಲ್ಲಿ ಒಂದೊಂದು ಬಸ್ಸಿಗೂ ಒಂದು ಪುಸ್ತಕ ಮಾಡಿಸಿದೆ. ಪಟ್ಟಿ ಓದದೆ ಯಾರಿಗೂ ಗೀಟು ಹಾಕಲು ಬಿಡಲಿಲ್ಲ. ಬಹಳ ಶಿಸ್ತಿನ ಮನುಷ್ಯ ಎಂದು ಹೆಸರು ಬಂತು. ಆ ಹೆಸರಿನ ಮೇಲೆ ಮುಂದೆ ಸ್ವಂತ ವರ್ಕ್‌ಶಾಪು ಹಾಕಿದೆ. ನನ್ನ ದುಡಿಮೆ ಸುಳ್ಳಲ್ಲ. ನಾನು ದುಡಿದಷ್ಟು ದುಡಿದವರನ್ನು ನಾನು ಹೆಚ್ಚು ನೋಡಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಆ ಬಾಗಿಲು ತೆಗೆದವರು ಯಾರು, ಯಾವುದನ್ನು ನಂಬಿ ತೆಗೆದರು ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು.

1969ರ ಚಳಿಗಾಲದಲ್ಲಿ ಅವರಿಗೆ ಹೃದಯದ ತೊಂದರೆ ಆಯಿತು. ಎಳನೀರು ಹಿಡಿದುಕೊಂಡು ಬಲ್ಮಠದ ಮನೆಗೆ ಹೋದೆ. ಈ ದಿನ ಹೇಳಿಯೇ ಬರುತ್ತೇನೆ ಎಂದು ಮನಸ್ಸು ಮಾಡಿದ್ದೆ. ಅವರು ದಿಂಬಿಗೆ ಒರಗಿ ಕೂತಿದ್ದರು. ಹೇಳಲು ಬಾಯಿ ತೆರೆದು, "ಕ್ಯಾಪ್ಟನ್ನರೇ, ಆ ನವರಾತ್ರಿಯ ದಿನ..." ಎಂದೆ. ಅವರು ಕೈ ಅಡ್ಡ ಹಿಡಿದರು. "ಅದು ಬೇಡ ಮಾರಾಯ. ಅದನ್ನು ಮಾತಾಡಿದರೆ ನನಗೆ ನಾಚಿಕೆ ಆಗ್ತದೆ."

ಎಳನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅವರು ಬೇಡ ಎಂದರಲ್ಲ ಎಂದು ಒಳಗೊಳಗೆ ಹಗುರವೂ ಆಯಿತು. ಮೂರು ವಾರದಲ್ಲಿ ತೀರಿಕೊಂಡರು.

ಅವರು ಹೋಗಿ ತಿಂಗಳಿಗೆ ಇಗರ್ಜಿಯಲ್ಲಿ ಮಾಡುವ ಪೂಜೆ ಕಳೆದ ಮೇಲೆ ಟೀಚರನ್ನು ನೋಡಲು ಹೋದೆ. ಕಾಫಿ ಮಾಡಿ ತಂದರು. ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು, ಬಲ ಭುಜ ಎತ್ತಲು ಆಗುತ್ತಿರಲಿಲ್ಲ. "ಮಳೆ ಬಂದಾಗ ಇದು ನೋಯ್ತದೆ," ಎಂದರು. "ನೋಯುವಾಗೆಲ್ಲ ಅವನಿಗೆ ಬೈತಿದ್ದೆ. ಆಕಾಶ ನೋಡಿಕೊಂಡು ನನ್ನನ್ನು ಗೋಡೆಗೆ ಹೊಡೆದಿ ಅಂತ. ಅವನು ಒಂದು ದಿನ ಎದುರು ಮಾತಾಡ್ಲಿಲ್ಲ."

ಆಗ ಹೇಳಿದೆ. ಸ್ಪ್ಯಾನರು, ಹಲಗೆ, ಅವಲಕ್ಕಿ, ನನ್ನ ಅಕ್ಕನ ಮನೆಯ ಊಟ, ಗುಜರಿಯ ರಾಶಿ, ಸಹಿ, ಎಲ್ಲವನ್ನೂ.

"ಅವನಿಗೆ ಹೇಳಬೇಕಿತ್ತು," ಎಂದರು. "ನನಗೆ ಹೇಳಿ ನಿಮ್ಮ ಭಾರ ಇಳಿಯಿತು. ಐದು ವರ್ಷ ನಾನು ಅವನಿಗೆ ಬೈದದ್ದನ್ನು ಈಗ ನಾನು ಎಲ್ಲಿ ಇಳಿಸ್ಲಿ?"

ನಾನು ಕಾಫಿಯ ಲೋಟ ಕೆಳಗಿಟ್ಟೆ.

"ಇಗರ್ಜಿಯಲ್ಲಿ, ಶಾಲೆಯಲ್ಲಿ, ನಿಮ್ಮ ವರ್ಕ್‌ಶಾಪಿನಲ್ಲಿ, ಎಲ್ಲ ಕಡೆ ಅವನಿಗೆ ಕಣ್ಣು ಕಾಣುವುದಿಲ್ಲ, ತಲೆ ಸರಿ ಇಲ್ಲ ಅಂತ ಹೇಳಿದ್ದಾರೆ. ನಾನೂ ಹೇಳಿದ್ದೇನೆ. ನನ್ನದನ್ನು ನಾನು ನೋಡಿಕೊಳ್ತೇನೆ. ಉಳಿದವರಿಗೆ ನೀವು ಹೇಳ್ತೀರಾ?"

"ಹೇಳ್ತೇನೆ ಟೀಚರ್," ಎಂದೆ.

"ಕಾಫಿ ಆರ್ತದೆ. ಕುಡಿದು ಹೋಗಿ."

ಕುಡಿದು ಬಂದೆ. ಹೇಳಲಿಲ್ಲ. ಆಗ ನನ್ನ ಕೈಕೆಳಗೆ ಹನ್ನೆರಡು ಬಸ್ಸುಗಳಿದ್ದವು, ಮದುವೆ ಗೊತ್ತಾಗಿತ್ತು. ಮದುವೆ ಆಗಲಿ ಎಂದುಕೊಂಡೆ. ಆಮೇಲೆ ಸ್ವಂತ ವರ್ಕ್‌ಶಾಪು ನಿಲ್ಲಲಿ ಎಂದುಕೊಂಡೆ, ಆಮೇಲೆ ಮಕ್ಕಳ ಮದುವೆ. ಟೀಚರು ಮತ್ತೆ ನನ್ನನ್ನು ಕೇಳಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ಬಗ್ಗಿಸಿ ಮುಂದೆ ಹೋಗುತ್ತಿದ್ದರು. ಅವರೂ ಹೋಗಿ ಬಹಳ ವರ್ಷವಾಯಿತು. ಧಣಿಗಳು ಹೋದರು, ಲೇತಿನ ಮೇಸ್ತ್ರಿ ಹೋದ.

ಈ ವರ್ಷ ಕೂತು ಇದನ್ನು ಬರೆದೆ. ಕ್ಯಾಪ್ಟನ್ನರ ಕಣ್ಣು ಸರಿ ಇತ್ತು, ತಲೆಯೂ ಸರಿ ಇತ್ತು. ಅವರು ಸ್ಟೀರಿಂಗ್ ತಿರುಗಿಸಿದ್ದರು. ನಾನು ಪಿನ್ನು ಹಾಕಿರಲಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು. ಪಡೀಲಿನಲ್ಲಿ ಒಂದು ಮನೆ, ಅದರ ಹಿಂದೆ ಎರಡು ಶೆಡ್ಡಿನ ವರ್ಕ್‌ಶಾಪು, ಅದನ್ನು ನಡೆಸುವ ಒಬ್ಬ ಮಗ, ಏಳು ಜನ ಕೆಲಸಗಾರರು. ಇಬ್ಬರು ಹೆಣ್ಣುಮಕ್ಕಳು, ನಾಲ್ಕು ಮೊಮ್ಮಕ್ಕಳು. ಆ ಕಾಲದಲ್ಲಿ ಕ್ಯಾಪ್ಟನ್ನರನ್ನು ಬಲ್ಲವರಲ್ಲಿ ಉಳಿದವರು, ನಾನು ವಿಚಾರಿಸಿದ ಮಟ್ಟಿಗೆ, ಮೂವರು. ಒಬ್ಬರಿಗೆ ಹೇಳಿ ಆಗಿದೆ.